ನಿಮಗಿದು ಗೊತ್ತೇ? ವೆಬ್ ಪುಟದ ಚಿತ್ರಗಳ ಒಳಗುಟ್ಟು

ಹೋಮ್‌ಸ್ಟೇ ಇರಲಿ, ಶಾಲೆ ಇರಲಿ, ಸಹಕಾರ ಸಂಘ ಇರಲಿ, ವೆಬ್‌ಸೈಟ್ ಮಾಡಿಸಲು ಹೊರಟ ಕೂಡಲೇ ಬರುವ ಮೊದಲ ಮಾತು “ಫೋಟೊ ಎಲ್ಲಿ ಹಾಕೋಣ?” ಎಂಬುದು. “ಯಾಕೆ ಹಾಕೋಣ?” ಎಂದು ಕೇಳುವವರು ಕಡಿಮೆ. ಪುಟಕ್ಕೆ ಏರಿಸುವ ಪ್ರತಿ ಚಿತ್ರಕ್ಕೂ ತೂಕವಿದೆ, ಹಕ್ಕುದಾರರಿದ್ದಾರೆ, ಅದನ್ನು ಕಣ್ಣಿಂದ ಕಾಣಲಾಗದ ಓದುಗರೂ ಇದ್ದಾರೆ. ಒಂದಿಷ್ಟು ಸಂಗತಿಗಳು ಇಲ್ಲಿವೆ.

ಹುಟ್ಟಿದ ಕಥೆ

● ಕಂಪ್ಯೂಟರಿಗೆ ಸ್ಕ್ಯಾನ್ ಆಗಿ ಇಳಿದ ಮೊದಲ ಫೋಟೊ ಮೂರು ತಿಂಗಳ ಕೂಸಿನದು. 1957ರಲ್ಲಿ ಅಮೆರಿಕದ ರಸೆಲ್ ಕಿರ್ಶ್ ತಮ್ಮ ಮಗ ವಾಲ್ಡನ್‌ನ ಚಿತ್ರವನ್ನು ಹೀಗೆ ಸ್ಕ್ಯಾನ್ ಮಾಡಿದರು. ಅಳತೆ 176×176 ಪಿಕ್ಸೆಲ್. ಎಲ್ಲ ಕೂಡಿಸಿದರೂ 31 ಸಾವಿರ ಚುಕ್ಕಿ ಆಗುವುದಿಲ್ಲ. ಇಂದಿನ 12 ಮೆಗಾಪಿಕ್ಸೆಲ್ ಮೊಬೈಲ್ ಫೋಟೊದಲ್ಲಿ 1.2 ಕೋಟಿ ಚುಕ್ಕಿಗಳಿವೆ.

● ವೆಬ್‌ಗೆ ಏರಿದ ಮೊಟ್ಟಮೊದಲ ಫೋಟೊಗಳಲ್ಲಿ ಒಂದು, ನಾಲ್ವರು ಹೆಣ್ಣುಮಕ್ಕಳ ಹಾಸ್ಯ ಗಾಯನ ತಂಡದ್ದು. ಜಿನೀವಾದ ಸರ್ನ್ ಭೌತವಿಜ್ಞಾನ ಕೇಂದ್ರದಲ್ಲಿ ಹುಟ್ಟಿದ ಈ ತಂಡದ ಹೆಸರು ‘ಲೆ ಒರಿಬ್ಲ್ ಸರ್ನೆಟ್’. 1992ರಲ್ಲಿ ತೆಗೆದ ಆ ಚಿತ್ರವನ್ನು ಕೇಳಿ ಪಡೆದವರು ವೆಬ್‌ನ ಜನಕ ಟಿಮ್ ಬರ್ನರ್ಸ್-ಲೀ. ಅಣುವಿಜ್ಞಾನದ ಮನೆಯಲ್ಲಿ ಮೊದಲು ಮಿಂಚಿದ್ದು ಹಾಡು, ಬಣ್ಣ, ನಗೆ!

● ಬರಹದ ನಡುವೆಯೇ ಚಿತ್ರ ಕೂರಿಸುವ ‘ಇಮೇಜ್ ಟ್ಯಾಗ್’ ಪ್ರಸ್ತಾವ ಬಂದದ್ದು 1993ರ ಫೆಬ್ರುವರಿ 25ರಂದು, ಇಲಿನಾಯ್ ವಿಶ್ವವಿದ್ಯಾಲಯದಲ್ಲಿದ್ದ ಮಾರ್ಕ್ ಆಂಡ್ರೀಸನ್ ಅವರಿಂದ. ಅದೇ ವರ್ಷ ಮೊಸಾಯಿಕ್ ಬ್ರೌಸರ್ ಅದನ್ನು ಜನರ ಕೈಗೆ ತಲುಪಿಸಿತು. ಅದುವರೆಗೆ ಚಿತ್ರ ನೋಡಲು ಸಾಮಾನ್ಯವಾಗಿ ಬೇರೆಯದೇ ಕಿಟಕಿ ತೆರೆಯಬೇಕಿತ್ತು.

● ಬ್ರೌಸರಿನ ಟ್ಯಾಬ್ ಮೇಲೆ ಕಾಣುವ ಪುಟಾಣಿ ಚಿತ್ರಕ್ಕೆ ‘ಫ್ಯಾವಿಕಾನ್’ ಎಂದು ಹೆಸರು. 1999ರಲ್ಲಿ ಇಂಟರ್ನೆಟ್ ಎಕ್ಸ್‌ಪ್ಲೋರರ್ 5ರ ಜೊತೆ ಬಂದಾಗ ಅದರ ಅಳತೆ ಬರೀ 16×16 ಪಿಕ್ಸೆಲ್. ಸಂಘದ ಪೂರ್ತಿ ಲಾಂಛನವನ್ನು, ಧ್ಯೇಯವಾಕ್ಯ ಸಮೇತ, ಅಲ್ಲಿ ತುರುಕಿದರೆ ಕಾಣುವುದು ಮಸಿಯ ಬೊಟ್ಟು ಮಾತ್ರ. ಅಲ್ಲಿಗೆ ಒಂದಕ್ಷರ ಸಾಕು, ಇಲ್ಲವೇ ಒಂದು ಸರಳ ಗುರುತು.

● ಗೂಗಲ್‌ನ ಚಿತ್ರ ಹುಡುಕಾಟಕ್ಕೆ ಪ್ರೇರಣೆ ಒಂದು ಉಡುಪು. 2000ದ ಗ್ರ್ಯಾಮಿ ಸಮಾರಂಭಕ್ಕೆ ಗಾಯಕಿ ಜೆನಿಫರ್ ಲೋಪೆಜ್ ಉಟ್ಟು ಬಂದ ಹಸಿರು ವರ್ಸಾಚೆ ಗೌನನ್ನು ಜನ ಮುಗಿಬಿದ್ದು ಹುಡುಕಿದರು. ಸಿಕ್ಕಿದ್ದು ಬರೀ ಅಕ್ಷರದ ಕೊಂಡಿಗಳು. 2001ರ ಜುಲೈನಲ್ಲಿ ‘ಗೂಗಲ್ ಇಮೇಜಸ್’ ಶುರುವಾಯಿತು.

ಜೆಪೆಗ್ ಒಳಗೊಬ್ಬ ಬೆಂಗಳೂರಿಗ

● ನೀವು ನಿತ್ಯ ನೋಡುವ ಜೆಪೆಗ್ ಚಿತ್ರಗಳ ಹೃದಯದಲ್ಲಿರುವ ಗಣಿತ ಬೆಂಗಳೂರಿನಲ್ಲಿ ಹುಟ್ಟಿದವರೊಬ್ಬರದು. 1940ರಲ್ಲಿ ಜನಿಸಿದ ನಾಸಿರ್ ಅಹ್ಮದ್, ಇಂದು ಯುವಿಸಿಇ ಎಂದು ಕರೆಯುವ ಎಂಜಿನಿಯರಿಂಗ್ ಕಾಲೇಜಿನಲ್ಲಿ 1961ರಲ್ಲಿ ಪದವಿ ಮುಗಿಸಿ ಅಮೆರಿಕಕ್ಕೆ ಹೋದರು. ಅವರು ಕಂಡುಕೊಂಡ ವಿಧಾನದ ಹೆಸರು ‘ಡಿಸ್ಕ್ರೀಟ್ ಕೊಸೈನ್ ಟ್ರಾನ್ಸ್‌ಫಾರ್ಮ್’, ಚಿಕ್ಕದಾಗಿ ಡಿಸಿಟಿ.

● ಈ ಸಂಶೋಧನೆಗೆ ಹಣ ಕೇಳಿ 1972ರಲ್ಲಿ ಅವರು ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಷನ್‌ಗೆ ಬರೆದ ಅರ್ಜಿ ತಿರಸ್ಕೃತವಾಯಿತು. ವಿಚಾರ ತೀರಾ ಸರಳವಾಯಿತು ಎಂಬ ಆಕ್ಷೇಪವೂ ಬಂದಿತ್ತು! ಅಹ್ಮದ್ ಕೈಚೆಲ್ಲಲಿಲ್ಲ. ಟಿ. ನಟರಾಜನ್ ಮತ್ತು ಕೆ.ಆರ್. ರಾವ್ ಅವರೊಂದಿಗೆ 1974ರ ಜನವರಿಯಲ್ಲಿ ಪ್ರಬಂಧ ಪ್ರಕಟಿಸಿದರು. 1992ರ ಜೆಪೆಗ್ ಮಾನಕ ನಿಂತಿರುವುದು ಅದರ ಮೇಲೆಯೇ. ಎಂಪೆಗ್ ವಿಡಿಯೊ ಕೂಡ.

● ಡಿಸಿಟಿ ಮಾಡುವುದೇನು? ಜೆಪೆಗ್‌ನಲ್ಲಿ ಚಿತ್ರವನ್ನು 8×8 ಪಿಕ್ಸೆಲ್‌ಗಳ ಚೌಕಗಳಾಗಿ ಕತ್ತರಿಸುತ್ತಾರೆ. ಪ್ರತಿ ಚೌಕದ 64 ಚುಕ್ಕಿಗಳನ್ನು ಡಿಸಿಟಿಯು ನಿಧಾನಕ್ಕೆ ಬದಲಾಗುವ ಅಲೆ, ಬೇಗ ಬದಲಾಗುವ ಅಲೆ ಎಂದು ಬಿಡಿಸಿಡುತ್ತದೆ. ಕಣ್ಣಿಗೆ ಹೆಚ್ಚು ತಿಳಿಯದ ಸೂಕ್ಷ್ಮ ಅಲೆಗಳ ಲೆಕ್ಕವನ್ನು ಆಮೇಲೆ ಒರಟಾಗಿಸುತ್ತಾರೆ ಅಥವಾ ಕೈಬಿಡುತ್ತಾರೆ. ಕಡತ ಇಳಿಯುವುದು ಹೀಗೆ. ವಿಪರೀತ ಕುಗ್ಗಿಸಿದ ಫೋಟೊದಲ್ಲಿ ಚೌಕ ಚೌಕ ಕಾಣುತ್ತದಲ್ಲ, ಅವು ಈ ಎಂಟೆಂಟರ ಚೌಕಗಳೇ.

● ನಮ್ಮ ಕಣ್ಣು ಬೆಳಕಿನ ವ್ಯತ್ಯಾಸವನ್ನು ಚೆನ್ನಾಗಿ ಹಿಡಿಯುತ್ತದೆ, ಬಣ್ಣದ ವ್ಯತ್ಯಾಸವನ್ನು ಅಷ್ಟಾಗಿ ಹಿಡಿಯುವುದಿಲ್ಲ. ಜೆಪೆಗ್ ಇದನ್ನು ಉಪಯೋಗಿಸಿಕೊಂಡು ಬೆಳಕಿನ ವಿವರವನ್ನು ಪೂರ್ತಿಯಾಗಿ, ಬಣ್ಣದ ವಿವರವನ್ನು ಅರೆಬರೆಯಾಗಿ ಇಟ್ಟುಕೊಳ್ಳಬಲ್ಲದು. ಬಿಳಿ ನೆಲದ ಮೇಲಿನ ಕೆಂಪು ಅಕ್ಷರಗಳು ಜೆಪೆಗ್‌ನಲ್ಲಿ ಅಂಚು ಕದಡಿ ಕಾಣಲು ಇದೂ ಒಂದು ಕಾರಣ.

● ಒಂದೇ ಜೆಪೆಗ್ ಕಡತವನ್ನು ತೆರೆದು, ತಿದ್ದಿ, ಮತ್ತೆ ಜೆಪೆಗ್ ಆಗಿಯೇ ಉಳಿಸಿದರೆ ಪ್ರತಿ ಸಲವೂ ಒಂದಿಷ್ಟು ವಿವರ ಸೋರಿಹೋಗುತ್ತದೆ. ಝೆರಾಕ್ಸ್ ಪ್ರತಿಯ ಝೆರಾಕ್ಸ್ ತೆಗೆದಂತೆ. ಮೂಲ ಫೋಟೊವನ್ನು ಮುಟ್ಟದೆ ಬೇರೆ ಇಡಿ, ತಿದ್ದುಪಡಿ ಪ್ರತಿಯ ಮೇಲಿರಲಿ.

ಯಾವ ಚಿತ್ರಕ್ಕೆ ಯಾವ ಫಾರ್ಮ್ಯಾಟ್?

● ಗಿಫ್ 1987ರಲ್ಲಿ ಕಂಪ್ಯುಸರ್ವ್ ಕಂಪನಿ ತಂದ ಫಾರ್ಮ್ಯಾಟ್. ಅದರ ಒಂದು ಚೌಕಟ್ಟಿನಲ್ಲಿ ಹೆಚ್ಚೆಂದರೆ 256 ಬಣ್ಣ. ಸೂರ್ಯಾಸ್ತದ ಫೋಟೊವನ್ನು ಗಿಫ್ ಮಾಡಿದರೆ ಆಕಾಶದಲ್ಲಿ ಪಟ್ಟೆ ಪಟ್ಟೆ ಮೂಡುವುದು ಅದಕ್ಕೇ. ಕುಣಿಯುವ ಗಿಫ್‌ಗಳೂ ಹಗುರವಲ್ಲ. ಅದೇ ದೃಶ್ಯವನ್ನು ಸಣ್ಣ ಎಂಪಿ4 ವಿಡಿಯೊ ಮಾಡಿದರೆ ಕಡತ ಸಾಮಾನ್ಯವಾಗಿ ಎಷ್ಟೋ ಪಟ್ಟು ಚಿಕ್ಕದಾಗುತ್ತದೆ.

● ಪಿಎನ್‌ಜಿ ಹುಟ್ಟಿದ್ದು ಪೇಟೆಂಟ್ ಜಗಳದಿಂದ. ಗಿಫ್‌ನೊಳಗಿನ ಎಲ್‌ಝಡ್‌ಡಬ್ಲ್ಯು ವಿಧಾನದ ಪೇಟೆಂಟ್ ಯುನಿಸಿಸ್ ಬಳಿ ಇತ್ತು. ಗಿಫ್ ತಂತ್ರಾಂಶ ಬರೆಯುವವರು ಶುಲ್ಕ ಕೊಡಬೇಕೆಂಬ ಸುದ್ದಿ 1994ರ ಕೊನೆಯಲ್ಲಿ ಹೊರಬಿತ್ತು. ಸಿಟ್ಟಿಗೆದ್ದ ತಂತ್ರಜ್ಞರು ಒಟ್ಟಾಗಿ ಹೊಸ ಫಾರ್ಮ್ಯಾಟ್ ಕಟ್ಟಿದರು. 1996ರ ಅಕ್ಟೋಬರ್ 1ರಂದು ಅದಕ್ಕೆ ವೆಬ್ ಮಾನಕಗಳನ್ನು ರೂಪಿಸುವ ವೆಬ್ ಒಕ್ಕೂಟದ ಮುದ್ರೆ ಬಿತ್ತು.

● ಪಿಎನ್‌ಜಿ ಒಂದು ಚುಕ್ಕಿಯನ್ನೂ ಕಳೆಯುವುದಿಲ್ಲ, ಹಿನ್ನೆಲೆಯನ್ನು ಪಾರದರ್ಶಕವಾಗಿ ಇಡಬಲ್ಲದು. ಸ್ಕ್ರೀನ್‌ಶಾಟ್, ಲಾಂಛನ, ಗೆರೆ ಚಿತ್ರಗಳಿಗೆ ಹೇಳಿ ಮಾಡಿಸಿದ್ದು. ಮದುವೆ ಮನೆಯ ಫೋಟೊವನ್ನು ಪಿಎನ್‌ಜಿ ಮಾಡಿದರೆ ಮಾತ್ರ ಕಡತ ಊದಿಕೊಳ್ಳುತ್ತದೆ.

● ಎಸ್‌ವಿಜಿ ಚಿತ್ರದಲ್ಲಿ ಚುಕ್ಕಿಗಳ ಪಟ್ಟಿ ಇರುವುದಿಲ್ಲ, ಇಲ್ಲಿಂದ ಅಲ್ಲಿಗೆ ಗೆರೆ ಎಳೆ, ಈ ಬಣ್ಣ ತುಂಬು ಎಂಬ ಸೂಚನೆಗಳಿರುತ್ತವೆ. 2001ರಿಂದ ಮಾನಕವಾಗಿರುವ ಇದನ್ನು ಗೋಡೆಯಗಲ ಹಿಗ್ಗಿಸಿದರೂ ಅಂಚು ಮಸುಕಾಗದು. ನಕ್ಷೆ, ಗ್ರಾಫ್, ಲಾಂಛನಕ್ಕೆ ಇದೇ ಸರಿ.

● ವೆಬ್‌ಪಿ 2010ರಲ್ಲಿ ಗೂಗಲ್ ಪ್ರಕಟಿಸಿದ ಫಾರ್ಮ್ಯಾಟ್. ಅದೇ ಗುಣಮಟ್ಟದ ಜೆಪೆಗ್‌ಗಿಂತ ಶೇ. 25ರಿಂದ 34ರಷ್ಟು ಚಿಕ್ಕದು ಎಂಬುದು ಗೂಗಲ್‌ನದೇ ಲೆಕ್ಕ. ಆಪಲ್‌ನ ಸಫಾರಿ ಅದನ್ನು ಒಪ್ಪಿಕೊಂಡದ್ದು 2020ರಲ್ಲಿ, ಹತ್ತು ವರ್ಷ ಕಳೆದ ಮೇಲೆ! ಅದಕ್ಕಿಂತಲೂ ಬಿಗಿಯಾಗಿ ಕುಗ್ಗಿಸಬಲ್ಲ ಎವಿಐಎಫ್ 2019ರಲ್ಲಿ ಬಂತು.

● ಐಫೋನ್‌ಗಳು 2017ರಿಂದ ಎಚ್‌ಇಐಸಿ ಎಂಬ ಫಾರ್ಮ್ಯಾಟಿನಲ್ಲಿ ಫೋಟೊ ಉಳಿಸಬಲ್ಲವು. ಅದನ್ನು ಹಾಗೆಯೇ ಪುಟಕ್ಕೆ ಏರಿಸಿದರೆ ಕ್ರೋಮ್, ಫೈರ್‌ಫಾಕ್ಸ್‌ಗಳಲ್ಲಿ ಚಿತ್ರ ಮೂಡದು. ಏರಿಸುವ ಮುನ್ನ ಜೆಪೆಗ್‌ಗೋ ವೆಬ್‌ಪಿಗೋ ಬದಲಿಸಿಕೊಳ್ಳಿ.

ತೂಕ ಮತ್ತು ವೇಗ

● 4000×3000 ಪಿಕ್ಸೆಲ್‌ನ ಫೋಟೊವನ್ನು ಪುಟದಲ್ಲಿ 800×600 ಅಳತೆಗೆ ತೋರಿಸಿದರೆ, ಕಾಣುವ ಚುಕ್ಕಿಗಿಂತ 25 ಪಟ್ಟು ಹೆಚ್ಚು ಚುಕ್ಕಿಯನ್ನು ಓದುಗರ ಡೇಟಾ ಖರ್ಚಿನಲ್ಲಿ ಕಳಿಸಿದಂತಾಯಿತು. ಅಗಲ ಮತ್ತು ಎತ್ತರ ಎರಡನ್ನೂ ಅರ್ಧಕ್ಕಿಳಿಸಿದರೆ ಚುಕ್ಕಿಗಳ ಸಂಖ್ಯೆ ಕಾಲುಭಾಗಕ್ಕೆ ಇಳಿಯುತ್ತದೆ. ಕಡತ ಹಗುರ ಮಾಡಲು ಇದಕ್ಕಿಂತ ಸುಲಭದ ದಾರಿಯಿಲ್ಲ.

● ಕಡತ 2 ಎಂಬಿ ಇದೆ ಎಂದರೆ ಫೋನಿನ ಮೆಮೊರಿಯಲ್ಲೂ 2 ಎಂಬಿ ಎಂದುಕೊಳ್ಳಬೇಡಿ. ತೆರೆಯ ಮೇಲೆ ತೋರಿಸಲು ಅದನ್ನು ಬಿಚ್ಚಬೇಕು. 12 ಮೆಗಾಪಿಕ್ಸೆಲ್ ಚಿತ್ರವನ್ನು ಪೂರ್ತಿ ಬಿಚ್ಚಿದರೆ, ಪ್ರತಿ ಚುಕ್ಕಿಗೆ 4 ಬೈಟ್‌ನಂತೆ, ಸುಮಾರು 48 ಎಂಬಿ! ಅಗ್ಗದ ಫೋನ್ ತಡವರಿಸುವುದು ಸುಮ್ಮನೆ ಅಲ್ಲ.

● “ವೆಬ್‌ಗೆ 72 ಡಿಪಿಐ ಇರಬೇಕು” ಎಂಬುದು ಹಳೆಯ ನಂಬಿಕೆ. 1984ರ ಮ್ಯಾಕಿಂತೋಷ್ ತೆರೆಯಲ್ಲಿ ಅಂಗುಲಕ್ಕೆ 72 ಪಿಕ್ಸೆಲ್ ಇದ್ದವು, ಆ ಸಂಖ್ಯೆ ಹಾಗೇ ಉಳಿದುಬಂತು. ಬ್ರೌಸರ್ ಸಾಮಾನ್ಯವಾಗಿ ನೋಡುವುದು ಪಿಕ್ಸೆಲ್ ಎಷ್ಟಿವೆ ಎಂಬುದನ್ನು. ಡಿಪಿಐ ಅಂಕಿ ಬದಲಿಸಿ ಪಿಕ್ಸೆಲ್ ಹಾಗೆಯೇ ಬಿಟ್ಟರೆ ಕಡತ ಹಗುರಾಗುವುದೂ ಇಲ್ಲ, ಚಿತ್ರ ಚಂದವಾಗುವುದೂ ಇಲ್ಲ.

● ಪುಟದ ಮುಖ್ಯ ಭಾಗ ಎಷ್ಟು ಬೇಗ ಕಂಡಿತು ಎಂಬುದನ್ನು ಗೂಗಲ್ 2020ರಿಂದ ‘ಎಲ್‌ಸಿಪಿ’ ಎಂಬ ಅಳತೆಯಲ್ಲಿ ಹೇಳುತ್ತಿದೆ. 2.5 ಸೆಕೆಂಡ್ ಒಳಗಾದರೆ ಉತ್ತಮ. ಬಹಳಷ್ಟು ಪುಟಗಳಲ್ಲಿ ಆ ಮುಖ್ಯ ಭಾಗವೇ ಒಂದು ಚಿತ್ರ. ಪುಟ ನಿಧಾನ ಎಂದು ಸರ್ವರನ್ನು ಬೈಯುವ ಮುನ್ನ ಮೇಲ್ಗಡೆಯ ದೊಡ್ಡ ಫೋಟೊವನ್ನು ತೂಗಿ ನೋಡಿ.

● ಓದುತ್ತಿರುವಾಗ ಸಾಲು ಇದ್ದಕ್ಕಿದ್ದಂತೆ ಕೆಳಕ್ಕೆ ಜಾರಿ, ಒತ್ತಬೇಕಾದ ಗುಂಡಿ ಬಿಟ್ಟು ಬೇರೇನೋ ಒತ್ತಿದ ಅನುಭವ ಇದೆಯೇ? ತಡವಾಗಿ ಬಂದ ಚಿತ್ರ ಜಾಗ ಮಾಡಿಕೊಂಡಾಗ ಹೀಗಾಗುತ್ತದೆ. ಕೋಡ್‌ನಲ್ಲಿ ಚಿತ್ರದ ಅಗಲ, ಎತ್ತರ ಬರೆದಿಟ್ಟರೆ ಬ್ರೌಸರ್ ಮೊದಲೇ ಅಷ್ಟು ಜಾಗ ಕಾದಿರಿಸುತ್ತದೆ.

● ಕೆಳಗಿನ ಚಿತ್ರಗಳನ್ನು ಓದುಗರು ಅಲ್ಲಿಗೆ ಬರುವ ಹೊತ್ತಿಗೆ ಇಳಿಸಿಕೊಳ್ಳುವ ‘ಲೇಜಿ ಲೋಡಿಂಗ್’ 2019ರಲ್ಲಿ ಕ್ರೋಮ್ ಒಳಗೇ ಬಂತು. ಕೋಡ್‌ನಲ್ಲಿ ಬೇಕಾಗುವುದು ಒಂದು ಪುಟ್ಟ ಸೂಚನೆ ಮಾತ್ರ. ಆದರೆ ತೆರೆದ ಕೂಡಲೇ ಕಾಣಬೇಕಾದ ಮೊದಲ ಚಿತ್ರಕ್ಕೂ ಅದನ್ನೇ ಹಚ್ಚಿದರೆ ಪುಟ ಇನ್ನಷ್ಟು ತಡ.

● ದೊಡ್ಡ ತೆರೆಗೆ ದೊಡ್ಡ ಚಿತ್ರ, ಮೊಬೈಲಿಗೆ ಚಿಕ್ಕದು ಎಂದು ಬ್ರೌಸರೇ ಆರಿಸಿಕೊಳ್ಳುವ ‘ಪಿಕ್ಚರ್’ ಎಂಬ ಟ್ಯಾಗ್ ಇದೆ. ಅದನ್ನು ಕ್ರೋಮ್ ತಂತ್ರಾಂಶಕ್ಕೆ ಸೇರಿಸುವ ಕೆಲಸಕ್ಕೆ ವೆಬ್ ವಿನ್ಯಾಸಕಾರರೇ ಚಂದಾ ಎತ್ತಿದ್ದರು! 2014ರಲ್ಲಿ ಅದು ಬಳಕೆಗೆ ಬಂತು.

ಕಣ್ಣು ಎಲ್ಲಿ ನಿಲ್ಲುತ್ತದೆ?

● ಓದುಗರ ಕಣ್ಣಿನ ಚಲನೆ ಅಳೆದ ಯಾಕೊಬ್ ನೀಲ್ಸನ್ 2010ರಲ್ಲಿ ಹೇಳಿದ್ದು ಇಷ್ಟು: ಜಾಗ ತುಂಬಿಸಲು ಹಾಕಿದ ಅಲಂಕಾರದ ಫೋಟೊಗಳನ್ನು ಜನ ನೋಡದೆ ದಾಟುತ್ತಾರೆ. ನಿಜವಾದ ವ್ಯಕ್ತಿಗಳ, ವಿವರವಿರುವ ವಸ್ತುಗಳ ಚಿತ್ರಗಳನ್ನು ನಿಂತು ನೋಡುತ್ತಾರೆ. ಹಲ್ಲು ತೋರಿ ಕೈಕುಲುಕುವ ಬಾಡಿಗೆ ಚಿತ್ರಕ್ಕಿಂತ ನಿಮ್ಮ ಅಂಗಡಿಯ ಗಲ್ಲಾದಲ್ಲಿ ಕೂತವರ ಸಾದಾ ಫೋಟೊ ಮೇಲು.

● ಅದೇ ಅಧ್ಯಯನದಲ್ಲಿ ಇನ್ನೊಂದು ಸೂಕ್ಷ್ಮ ಇತ್ತು. ಪುಸ್ತಕದ ಕಪಾಟುಗಳ ಫೋಟೊಗಳನ್ನು ಜನ ಆಸಕ್ತಿಯಿಂದ ನೋಡಿದರು, ಟಿವಿಗಳ ಫೋಟೊಗಳನ್ನು ಹೆಚ್ಚೇನೂ ನೋಡಲಿಲ್ಲ. ಕಪಾಟನ್ನು ಆರಿಸಲು ಅದರ ರೂಪ ಬೇಕು. ಟಿವಿ ಆರಿಸುವವರಿಗೆ ಬೇಕಾದದ್ದು ವಿವರಣೆ.

● ಮುಖಪುಟದಲ್ಲಿ ಒಂದಾದ ಮೇಲೊಂದು ಸರಿಯುವ ಚಿತ್ರಗಳನ್ನು ಎಷ್ಟು ಜನ ಒತ್ತುತ್ತಾರೆ? ಅಮೆರಿಕದ ನಾಟರ್‌ಡೇಮ್ ವಿಶ್ವವಿದ್ಯಾಲಯದ ವೆಬ್ ವಿಭಾಗ 2013ರಲ್ಲಿ ಹೊರಹಾಕಿದ ಲೆಕ್ಕದಲ್ಲಿ ಅದು ಶೇ. 1ರ ಆಸುಪಾಸು. ಒತ್ತಿದವರಲ್ಲೂ ಬಹುಪಾಲು ಮೊದಲನೆಯ ಚಿತ್ರವನ್ನೇ ಒತ್ತಿದ್ದರು. ಐದನೆಯ ಸ್ಲೈಡ್‌ನಲ್ಲಿ ಅಧ್ಯಕ್ಷರ ಸಂದೇಶ ಇಟ್ಟವರು ಗಮನಿಸಬೇಕು.

● “ಮಿದುಳು ಚಿತ್ರವನ್ನು ಬರಹಕ್ಕಿಂತ 60,000 ಪಟ್ಟು ವೇಗವಾಗಿ ಗ್ರಹಿಸುತ್ತದೆ” ಎಂಬ ವಾಕ್ಯ ಮಾರ್ಕೆಟಿಂಗ್ ಭಾಷಣಗಳಲ್ಲಿ ಸವೆದುಹೋಗಿದೆ. ಅದರ ಮೂಲ ಸಂಶೋಧನೆಯನ್ನು ಹುಡುಕಿ ಹೊರಟವರಿಗೆ ಕೈಗೆ ಹತ್ತಿದ್ದು ಏನೂ ಇಲ್ಲ. ನಿಮ್ಮ ಪುಟದಲ್ಲಿ ಅದನ್ನು ಬಳಸಬೇಡಿ.

● ಚಿತ್ರದ ಮೇಲೆ ಅಕ್ಷರ ಬರೆಯುವಿರಾದರೆ ವೆಬ್ ಒಕ್ಕೂಟದ ಮಾರ್ಗಸೂಚಿಯಲ್ಲಿ ಅಳತೆಯೇ ಇದೆ: ಅಕ್ಷರಕ್ಕೂ ಹಿನ್ನೆಲೆಗೂ ನಡುವೆ ಕನಿಷ್ಠ 4.5ಕ್ಕೆ 1ರಷ್ಟು ಬೆಳಕಿನ ಅಂತರ, ದೊಡ್ಡ ಅಕ್ಷರಕ್ಕೆ 3ಕ್ಕೆ 1. ಮೋಡದ ಮೇಲಿನ ಬಿಳಿ ಅಕ್ಷರ ಈ ಪರೀಕ್ಷೆಯಲ್ಲಿ ನಪಾಸು.

● ಫೇಸ್‌ಬುಕ್ ನೀಲಿಯಾಗಿರುವುದೇಕೆ? ಅದರ ಸ್ಥಾಪಕ ಮಾರ್ಕ್ ಜುಕರ್‌ಬರ್ಗ್‌ಗೆ ಕೆಂಪು, ಹಸಿರಿನ ವ್ಯತ್ಯಾಸ ಸರಿಯಾಗಿ ಕಾಣುವುದಿಲ್ಲ, ನೀಲಿ ಚೆನ್ನಾಗಿ ಕಾಣುತ್ತದೆ ಎಂದು ಅವರೇ ಹೇಳಿದ್ದಾರೆ. ಗ್ರಾಫ್‌ನಲ್ಲಿ ಲಾಭಕ್ಕೆ ಹಸಿರು, ನಷ್ಟಕ್ಕೆ ಕೆಂಪು ಎಂದು ಬಣ್ಣವನ್ನಷ್ಟೇ ನಂಬಬೇಡಿ. ಪಕ್ಕದಲ್ಲಿ ಹೆಸರು ಬರೆಯಿರಿ.

● ಮಿನುಗುವ ಚಿತ್ರ ಅಪಾಯಕಾರಿ. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಪೊಕೆಮಾನ್ ಕಂತೊಂದರ ಮಿನುಗು ದೃಶ್ಯ ನೋಡಿ ಸುಮಾರು 700 ಮಂದಿ, ಹೆಚ್ಚಿನವರು ಮಕ್ಕಳು, ಆಸ್ಪತ್ರೆ ಸೇರಿದರು. 2012ರ ಲಂಡನ್ ಒಲಿಂಪಿಕ್ಸ್ ಲಾಂಛನದ ಪ್ರಚಾರ ಚಿತ್ರದ ಒಂದು ತುಣುಕನ್ನು 2007ರಲ್ಲಿ ವೆಬ್‌ಸೈಟಿನಿಂದ ತೆಗೆಯಬೇಕಾಯಿತು, ಅದೇ ಭಯಕ್ಕೆ. ಒಂದು ಸೆಕೆಂಡಿನಲ್ಲಿ ಮೂರಕ್ಕಿಂತ ಹೆಚ್ಚು ಸಲ ಏನೂ ಮಿನುಗಬಾರದು ಎಂಬುದು ನಿಯಮ.

ಕಣ್ಣಿಂದ ಕಾಣದವರಿಗೂ ಚಿತ್ರ

● ದೃಷ್ಟಿ ಇಲ್ಲದವರು ಬಳಸುವ ಸ್ಕ್ರೀನ್ ರೀಡರ್, ಚಿತ್ರ ಬಂದಾಗ ಅದರ ಜೊತೆ ಬರೆದಿಟ್ಟ ‘ಆಲ್ಟ್’ ಬರಹವನ್ನು ಓದಿ ಹೇಳುತ್ತದೆ. ಇಮೇಜ್ ಟ್ಯಾಗ್‌ನ 1993ರ ಮೂಲ ಪ್ರಸ್ತಾವದಲ್ಲಿ ಈ ಸೌಲಭ್ಯ ಇರಲಿಲ್ಲ. 1995ರ ಎಚ್‌ಟಿಎಂಎಲ್ 2.0 ದಾಖಲೆಯ ಹೊತ್ತಿಗೆ ಸೇರಿತ್ತು.

● ಕಣ್ಣಿದ್ದವರಿಗೂ ಆಲ್ಟ್ ಬರಹ ಕಂಡ ದಿನವೊಂದಿದೆ. 2019ರ ಜುಲೈ 3ರಂದು ಫೇಸ್‌ಬುಕ್‌ನ ಚಿತ್ರಗಳು ಜಗತ್ತಿನ ಹಲವೆಡೆ ಮೂಡದೆ ಹೋದವು. ಅವುಗಳ ಜಾಗದಲ್ಲಿ, ಈ ಚಿತ್ರದಲ್ಲಿ ಜನರಿರಬಹುದು, ಆಕಾಶ ಇರಬಹುದು ಎಂಬಂಥ ಯಂತ್ರ ಬರೆದ ಸಾಲುಗಳು ಕಾಣಿಸಿದವು.

● ಒಳ್ಳೆಯ ಆಲ್ಟ್ ಹೇಗಿರಬೇಕು? ‘ಜೋಗ’ ಎಂದಷ್ಟೇ ಬರೆದರೆ ಸಾಲದು. ‘ಮಳೆಗಾಲದಲ್ಲಿ ರಾಜ, ರಾಣಿ, ರೋರರ್, ರಾಕೆಟ್ ನಾಲ್ಕೂ ಕವಲು ತುಂಬಿ ಧುಮುಕುತ್ತಿರುವ ಜೋಗ’ ಎಂದರೆ ಕೇಳುವವರಿಗೂ ದೃಶ್ಯ ಸಿಗುತ್ತದೆ. ‘ಇದು ಚಿತ್ರ’ ಎಂದು ಶುರುಮಾಡಬೇಕಿಲ್ಲ, ಅದನ್ನು ಸ್ಕ್ರೀನ್ ರೀಡರೇ ಹೇಳಿರುತ್ತದೆ. ಭೂತಗನ್ನಡಿ ಚಿತ್ರದ ಗುಂಡಿಗೆ ‘ಭೂತಗನ್ನಡಿ’ ಎಂದಲ್ಲ, ‘ಹುಡುಕಿ’ ಎಂದು ಬರೆಯಬೇಕು.

● ಬರೀ ಅಲಂಕಾರದ ಬಳ್ಳಿ, ಗೆರೆಗಳಿಗೆ ಆಲ್ಟ್ ಜಾಗ ಇಟ್ಟು ಖಾಲಿ ಬಿಡಬೇಕು. ಜಾಗವನ್ನೇ ಇಡದಿದ್ದರೆ ಕೆಲವು ಸ್ಕ್ರೀನ್ ರೀಡರ್‌ಗಳು ಕಡತದ ಹೆಸರನ್ನೇ ಓದುತ್ತವೆ. ‘ಐಎಂಜಿ ಅಂಡರ್‌ಸ್ಕೋರ್ 20230814’ ಎಂದು ಕೇಳಿಸಿಕೊಳ್ಳುವವರ ಪಾಡು ಊಹಿಸಿ.

● ಕನ್ನಡದ ಪ್ರಕಟಣೆಯನ್ನು ಪೋಸ್ಟರ್ ಮಾಡಿ ಜೆಪೆಗ್ ಆಗಿ ಅಂಟಿಸುವ ರೂಢಿ ಇನ್ನೂ ಹೋಗಿಲ್ಲ. ಯುನಿಕೋಡ್ ಫಾಂಟ್‌ಗಳು ಎಲ್ಲೆಡೆ ಇರದಿದ್ದ ಕಾಲದಲ್ಲಿ ಅದಕ್ಕೆ ಕಾರಣವಿತ್ತು. ಈಗ ನೋಟೊ ಸ್ಯಾನ್ಸ್ ಕನ್ನಡ, ಬಾಲೂ ತಮ್ಮ, ಟಿರೊ ಕನ್ನಡದಂಥ ಫಾಂಟ್‌ಗಳು ಉಚಿತ. ಚಿತ್ರದೊಳಗಿನ ಅಕ್ಷರವನ್ನು ಪಠ್ಯದಂತೆ ಹುಡುಕಲು, ನಕಲಿಸಲು ಬರುವುದಿಲ್ಲ, ದೊಡ್ಡದು ಮಾಡಿದರೆ ಒಡೆಯುತ್ತದೆ. ದಿನಾಂಕ, ಸ್ಥಳ, ಫೋನ್ ಸಂಖ್ಯೆಯನ್ನು ಪಠ್ಯವಾಗಿಯೂ ಬರೆಯಿರಿ.

● ಸರ್ಕಾರಿ ವೆಬ್‌ಸೈಟ್‌ಗಳಿಗೆ ಕೇಂದ್ರ ಸರ್ಕಾರ 2009ರಲ್ಲೇ ಮಾರ್ಗಸೂಚಿ ತಂದಿದೆ. ಚಿತ್ರಗಳಿಗೆ ಬದಲಿ ಬರಹ ಕೊಡಬೇಕೆಂದು ಅದು ಹೇಳುತ್ತದೆ.

ಹಕ್ಕು ಯಾರದು, ಗುಟ್ಟು ಯಾರದು?

● ಗೂಗಲ್‌ನಲ್ಲಿ ಸಿಕ್ಕಿದ್ದೆಲ್ಲ ಬಿಟ್ಟಿ ಅಲ್ಲ. ಭಾರತದ 1957ರ ಕೃತಿಸ್ವಾಮ್ಯ ಕಾಯ್ದೆಯ ಪ್ರಕಾರ ಫೋಟೊದ ಹಕ್ಕು, ತೆಗೆದವರ ಜೀವಿತಾವಧಿ ಪೂರ್ತಿ ಮತ್ತು ಅವರು ತೀರಿಕೊಂಡ ಮುಂದಿನ ವರ್ಷದಿಂದ ಎಣಿಸಿ 60 ವರ್ಷ ಇರುತ್ತದೆ. ‘ಕೃಪೆ: ಅಂತರ್ಜಾಲ’ ಎಂದು ಕೆಳಗೆ ಬರೆದರೆ ಅನುಮತಿ ಪಡೆದಂತಾಗದು.

● ಹಣ ಕೊಟ್ಟು ಸ್ಟುಡಿಯೊದವರಿಂದ ತೆಗೆಸಿದ ಫೋಟೊದ ಹಕ್ಕು ಯಾರದು? ಬೇರೆ ಒಪ್ಪಂದ ಇಲ್ಲದಿದ್ದರೆ ತೆಗೆಸಿದವರದೇ ಎನ್ನುತ್ತದೆ ಅದೇ ಕಾಯ್ದೆಯ 17ನೇ ಕಲಂ.

● ಕೋತಿಗೆ ಹಕ್ಕಿದೆಯೇ? ಇಂಡೋನೇಷ್ಯಾದಲ್ಲಿ ಛಾಯಾಗ್ರಾಹಕರೊಬ್ಬರ ಕ್ಯಾಮೆರಾದಲ್ಲಿ ಕೋತಿಯೊಂದು ತೆಗೆದುಕೊಂಡ ಸೆಲ್ಫಿ ಅಮೆರಿಕದ ಕೋರ್ಟ್ ಮೆಟ್ಟಿಲೇರಿತು. ಕೃತಿಸ್ವಾಮ್ಯ ಕಾಯ್ದೆಯಡಿ ಪ್ರಾಣಿ ದಾವೆ ಹೂಡಲಾಗದು ಎಂದು 2018ರಲ್ಲಿ ತೀರ್ಪು ಬಂತು.

● ಉಚಿತ ಚಿತ್ರ ಬೇಕೆಂದರೆ 2004ರಲ್ಲಿ ಶುರುವಾದ ವಿಕಿಮೀಡಿಯ ಕಾಮನ್ಸ್ ನೋಡಿ. ಹಂಪಿ, ಬೇಲೂರು, ಯಕ್ಷಗಾನ ಎಲ್ಲವೂ ಅಲ್ಲಿವೆ. ಉಚಿತ ಎಂದರೂ ಷರತ್ತುಂಟು: ‘ಸಿಸಿ ಬೈ’ ಎಂದಿದ್ದರೆ ತೆಗೆದವರ ಹೆಸರು ಹಾಕಲೇಬೇಕು. ‘ಎನ್‌ಸಿ’ ಇರುವ ಪರವಾನಗಿ ಬೇರೆ ತಾಣಗಳಲ್ಲಿ ಕಂಡರೆ ವ್ಯಾಪಾರಕ್ಕೆ ಆ ಚಿತ್ರವನ್ನು ಬಳಸುವಂತಿಲ್ಲ.

● ಫೋಟೊ ಕಡತದೊಳಗೆ ತೆಗೆದ ಹೊತ್ತು, ಕ್ಯಾಮೆರಾ ಮಾದರಿ, ಕೆಲವೊಮ್ಮೆ ಅಕ್ಷಾಂಶ ರೇಖಾಂಶ ಕೂಡ ಅಡಗಿರುತ್ತವೆ. 2012ರ ಡಿಸೆಂಬರಿನಲ್ಲಿ ತಲೆಮರೆಸಿಕೊಂಡಿದ್ದ ಸಾಫ್ಟ್‌ವೇರ್ ಉದ್ಯಮಿ ಜಾನ್ ಮ್ಯಾಕಫಿ ಗ್ವಾಟೆಮಾಲದಲ್ಲಿದ್ದಾರೆ ಎಂಬುದು ಬಯಲಾದದ್ದು ಪತ್ರಿಕೆಯೊಂದು ಪ್ರಕಟಿಸಿದ ಫೋಟೊದೊಳಗಿನ ಇಂಥ ಗುರುತಿನಿಂದಲೇ. ಮನೆಯ, ಮಕ್ಕಳ ಫೋಟೊ ಏರಿಸುವ ಮುನ್ನ ಈ ಮಾಹಿತಿ ಅಳಿಸಿ.

● ಕೃತಕ ಬುದ್ಧಿಮತ್ತೆಯ ಚಿತ್ರಗಳ ಬಗ್ಗೆಯೂ ಎಚ್ಚರ. 2023ರ ಮೇ 22ರಂದು ಅಮೆರಿಕದ ಪೆಂಟಗನ್ ಬಳಿ ಸ್ಫೋಟವೆಂದು ಹರಿದಾಡಿದ ಸುಳ್ಳು ಚಿತ್ರಕ್ಕೆ ಷೇರುಪೇಟೆಯೇ ಕ್ಷಣಕಾಲ ಕುಸಿಯಿತು. ಯಂತ್ರ ಬಿಡಿಸಿದ್ದಾದರೆ ಹಾಗೆಂದು ಅಡಿಬರಹದಲ್ಲಿ ಹೇಳಿಬಿಡಿ.

ಏರಿಸುವ ಮುನ್ನ

ಒಂದು ಚಿತ್ರ ಆರಿಸಿದ ಮೇಲೆ ಇಷ್ಟು ಕೇಳಿಕೊಳ್ಳಿ: ಇದನ್ನು ತೆಗೆದುಹಾಕಿದರೆ ಓದುಗರಿಗೆ ಏನಾದರೂ ನಷ್ಟವಿದೆಯೇ? ಅಳತೆ ಪುಟಕ್ಕೆ ತಕ್ಕಷ್ಟಿದೆಯೇ? ಆಲ್ಟ್ ಬರೆದಾಯಿತೇ? ಬಳಸುವ ಹಕ್ಕು ಕೈಯಲ್ಲಿದೆಯೇ? ಮೊದಲ ಪ್ರಶ್ನೆಗೆ ‘ಇಲ್ಲ’ ಎಂಬ ಉತ್ತರ ಬಂದರೆ ಉಳಿದವನ್ನು ಕೇಳುವ ಶ್ರಮವೇ ಬೇಡ, ಆ ಚಿತ್ರವನ್ನು ಬಿಟ್ಟುಬಿಡಿ.